ನೆಗೆಟಿವಿನ ಅಂಚು

ಮನೆಯ ಕಾಗದಪತ್ರಗಳನ್ನು ಕಾಪಾಡುವ ವಿಷಯದಲ್ಲಿ ಕನ್ನಡನಾಡಿನ ಗೃಹಸ್ಥರು ಅಲಕ್ಷ್ಯ ಮಾಡುವವರಲ್ಲ. ಕ್ರಯಪತ್ರ, ವಿಭಾಗಪತ್ರ, ಕಂದಾಯದ ರಸೀದಿ, ಮಕ್ಕಳ ಜಾತಕ ಇವೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಸಿಕೊಂಡು ಮೂರು ನಾಲ್ಕು ತಲೆಮಾರುಗಳನ್ನು ದಾಟಿ ಬಂದಿರುವ ಮನೆಗಳು ಎಷ್ಟೋ ಇವೆ. ಮೂಲ ಯಾವುದು, ನಕಲು ಯಾವುದು ಎಂಬ ವಿವೇಕವೂ ಅವರಿಗೆ ಉಂಟು. ನಕಲು ಕಳೆದರೆ ಮತ್ತೊಂದನ್ನು ಬರೆಸಬಹುದು, ಮೂಲ ಕಳೆದರೆ ಮನೆಯೇ ಹೋದಂತೆ ಎಂಬುದನ್ನು ಅವರು ಬಲ್ಲರು. ಆದರೆ ಛಾಯಾಚಿತ್ರದ ಮಾತು ಬಂದಾಗ ಈ ವಿವೇಕ ಎಲ್ಲಿಯೋ ಅಡಗಿಹೋಗುತ್ತದೆ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಪಟ ನಿಜವಾಗಿ ನಕಲು. ಅದಕ್ಕೆ ಹೂವು, ಗಂಧ, ವರ್ಷಕ್ಕೊಮ್ಮೆ ಗಾಜು ಒರೆಸುವ ಉಪಚಾರ. ಅದರ ಮೂಲವಾದ ನೆಗೆಟಿವು ಅಟ್ಟದ ಮೇಲೆ, ಕೆಟ್ಟುನಿಂತ ಗಡಿಯಾರದ ಪಕ್ಕದಲ್ಲಿ, ಇಲಿಗಳ ವಶದಲ್ಲಿ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಇಲ್ಲಿಯೂ ನಿಜವೇ.

ಇದಕ್ಕಾಗಿ ಜನರನ್ನು ಪೂರಾ ದೂರುವಂತೆಯೂ ಇಲ್ಲ. ನೆಗೆಟಿವಿನಲ್ಲಿ ಬಿಳಿಯದು ಕರಿದಾಗಿಯೂ ಕರಿಯದು ಬಿಳಿದಾಗಿಯೂ ಕಾಣುತ್ತದೆ. ಹೆತ್ತವರ ಮುಖವೇ ಆಗಲಿ, ಇದ್ದಿಲು ಬಳಿದಂತಿರುವ ಕೆನ್ನೆಯನ್ನೂ ಬೆಳ್ಳಗೆ ಹೊಳೆಯುವ ಕಣ್ಣಾಲಿಯನ್ನೂ ನೋಡಿ ಪ್ರೀತಿಪಡುವುದು ಕಷ್ಟ. ಹಿಂದೆ ಅದನ್ನು ಪಟವಾಗಿ ಮಾರ್ಪಡಿಸುವುದಕ್ಕೆ ಕತ್ತಲೆಕೋಣೆ, ಔಷಧಿಗಳು, ಕಾಗದ, ಪಳಗಿದ ಕೈ ಇಷ್ಟೂ ಬೇಕಾಗಿದ್ದುವು. ಇಂದು ಮೇಜಿನ ಮೇಲೆ ಕೂಡುವ ಸ್ಕ್ಯಾನರು ಎಂಬ ಚಪ್ಪಟೆಯ ಯಂತ್ರವೊಂದು, ಅದಕ್ಕೆ ಜೊತೆಯಾಗಿ ಕಂಪ್ಯೂಟರೊಂದು ಇದ್ದರೆ ಸಾಕು. ಅಟ್ಟದ ಮೇಲಿನ ಕತ್ತಲೆಯನ್ನು ಮನೆಯವರೇ ಬೆಳಕಿಗೆ ತಂದುಕೊಳ್ಳಬಹುದು. ಆದರೆ ಯಂತ್ರ ಬಂದ ಮಾತ್ರದಿಂದ ವಿವೇಕದ ಕೆಲಸ ಮುಗಿಯುವುದಿಲ್ಲ. ಶಿವಮೊಗ್ಗೆಯಲ್ಲಿರುವ ವೃದ್ಧ ಉಪಾಧ್ಯಾಯರೊಬ್ಬರ ಅನುಭವ ಇದಕ್ಕೆ ತಕ್ಕ ನಿದರ್ಶನ.

ಊರಿನವರು ಅವರನ್ನು ಮೇಷ್ಟರು ಎಂದೇ ಕರೆಯುವುದು ರೂಢಿ. ಪ್ರೌಢಶಾಲೆಯಲ್ಲಿ ಗಣಿತವನ್ನು ಕಲಿಸಿ 2002ರಲ್ಲಿ ನಿವೃತ್ತರಾದವರು. ಅವರ ಹುಟ್ಟೂರು ಸಾಗರದ ಕಡೆಯ ಒಂದು ಹಳ್ಳಿ. ತಂದೆ ಅಡಕೆಯ ತೋಟವುಳ್ಳ ಗೃಹಸ್ಥರು. ಆ ತಂದೆಗೆ ಇದ್ದ ಒಂದೇ ವ್ಯಸನವೆಂದರೆ ಛಾಯಾಚಿತ್ರ. ಎರಡು ಕಣ್ಣಿನ ರೋಲಿಕಾರ್ಡ್ ಕ್ಯಾಮರಾ ಒಂದನ್ನು ಯಾರೋ ಬಳಸಿ ಬಿಟ್ಟದ್ದನ್ನು ಕೊಂಡುತಂದು, ಕೊಟ್ಟಿಗೆಯ ದನ, ಅಂಗಳದಲ್ಲಿ ಒಣಗುವ ಅಡಕೆ, ರಥೋತ್ಸವ, ನೆಂಟರಿಷ್ಟರು ಎಲ್ಲವನ್ನೂ ಅದರಲ್ಲಿ ಹಿಡಿದಿದ್ದರು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದು ಶರಾವತಿಯ ನೀರು ನಿಲ್ಲುವುದಕ್ಕೆ ಮುಂಚಿನ ಜೋಗದ ಮಳೆಗಾಲದ ರೂಪವೂ ಆ ಸಂಗ್ರಹದಲ್ಲಿ ಇತ್ತು.

ಆ ಮನೆಯಲ್ಲಿ ಕ್ಯಾಮರಾದ ಕಣ್ಣಿಗೆ ಬೀಳದಿದ್ದವರು ಒಬ್ಬರೇ, ತಂದೆಯ ಅಕ್ಕ. ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವರು. ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಅಡಿಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ದೇವರಮನೆಗೆ ನಡೆದು ಆಯುಷ್ಯ ಸವೆಸಿದವರು. ಮೇಷ್ಟರಿಗೆ ಎರಡು ವರ್ಷವಾಗಿದ್ದಾಗ ತಾಯಿ ತೀರಿಹೋದರು. ಅಲ್ಲಿಂದ ಮುಂದೆ ಅವರನ್ನು ಎತ್ತಿ ಬೆಳೆಸಿದವರು ಈ ಅತ್ತೆಯೇ. ಮಂಗಳಕಾರ್ಯಗಳಲ್ಲಿ ಮಡಿಹೆಂಗಸರು ಎದುರಿಗೆ ಬರಬಾರದೆಂಬುದು ಆಗಿನ ಕಟ್ಟಲೆ. ಪಟಕ್ಕೆ ನಿಲ್ಲುವ ಮಾತಂತೂ ದೂರ. 1955ರಲ್ಲಿ ಅವರು ಕಾಲವಾದಾಗ ಮೇಷ್ಟರಿಗೆ ಹನ್ನೊಂದು ವಯಸ್ಸು. ಅತ್ತೆಯ ದನಿ ಅವರಿಗೆ ನೆನಪಿತ್ತು; ಜ್ವರ ಬಂದಾಗ ಹಣೆಯ ಮೇಲೆ ಇಟ್ಟ ಒರಟು ಅಂಗೈ ನೆನಪಿತ್ತು; ಸೀರೆಗೆ ಅಂಟಿದ ಹೊಗೆಯ ವಾಸನೆ ನೆನಪಿತ್ತು. ಮುಖ ಮಾತ್ರ ನೆನಪಿನಿಂದ ಜಾರಿಹೋಗಿತ್ತು. ಎಪ್ಪತ್ತರ ಗಡಿ ದಾಟಿದ ಮೇಲೆ ಇದೊಂದು ಸಾಲದಂತೆ ಅವರ ಮನಸ್ಸನ್ನು ಹಿಡಿಯಿತು.

2022ರಲ್ಲಿ ಹಳೆಯ ಮನೆಯ ಮಾಡನ್ನು ಬಿಚ್ಚಿಸುವಾಗ ಅಟ್ಟದಿಂದ ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದು ಇಳಿದುಬಂದಿತು. ಅದರಲ್ಲಿ ಮುನ್ನೂರಕ್ಕೆ ಮಿಕ್ಕ ನೆಗೆಟಿವುಗಳು. ಒಂದೊಂದು ಸುರುಳಿಯನ್ನೂ ಮೂರು ಮೂರು ಚಿತ್ರಗಳ ತುಂಡುಗಳಾಗಿ ಕತ್ತರಿಸಿ, ಕಾಗದದ ಲಕೋಟೆಗೆ ಹಾಕಿ, ಮೇಲೆ ತಂದೆಯ ಕೈಯ ಪೆನ್ಸಿಲಿನ ಬರಹ. ಮೇಷ್ಟರು ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಶಿವಮೊಗ್ಗೆಗೆ ತಂದರು.

ಈ ಫಿಲ್ಮಿನ ಜಾತಿಯನ್ನು ಕುರಿತು ಎರಡು ಮಾತು ಹೇಳಬೇಕಾಗಿದೆ. ಇದಕ್ಕೆ 120 ಎಂದು ಹೆಸರು. ಕೊಡಕ್ ಕಂಪೆನಿಯವರು 1901ರಲ್ಲಿ ತಮ್ಮ ಬ್ರೌನಿ ಎಂಬ ಪೆಟ್ಟಿಗೆ ಕ್ಯಾಮರಾಕ್ಕಾಗಿ ಇದನ್ನು ಹೊರಡಿಸಿದರು; ಒಂದು ನೂರು ವರ್ಷ ದಾಟಿದರೂ ಅದು ಇನ್ನೂ ತಯಾರಾಗುತ್ತಲೇ ಇದೆ. ಅಗಲ ಸುಮಾರು 6 ಸೆಂಟಿಮೀಟರು. ರೋಲಿಕಾರ್ಡಿನಂಥ ಕ್ಯಾಮರಾದಲ್ಲಿ ಒಂದು ಸುರುಳಿಗೆ ಹನ್ನೆರಡು ಚೌಕ ಚಿತ್ರಗಳು, ಪ್ರತಿಯೊಂದೂ 56 ಮಿಲಿಮೀಟರು ಉದ್ದ, ಅಷ್ಟೇ ಅಗಲ. ಆಮೇಲೆ ಮನೆಮನೆಗೂ ಹಬ್ಬಿದ 35 ಮಿಲಿಮೀಟರಿನ ಫಿಲ್ಮಿನ ಚಿತ್ರಕ್ಕೆ ಹೋಲಿಸಿದರೆ ಇದರ ಕ್ಷೇತ್ರಫಲ ಮೂರೂವರೆ ಪಾಲಿಗಿಂತ ಹೆಚ್ಚು. ಗದ್ದೆ ದೊಡ್ಡದಾದಷ್ಟೂ ಫಸಲು ಹೆಚ್ಚೆಂಬಂತೆ, ಚಿತ್ರದ ವಿಸ್ತಾರ ಹೆಚ್ಚಿದಷ್ಟೂ ಅದರೊಳಗೆ ಅಡಗಿರುವ ವಿವರವೂ ಹೆಚ್ಚು.

ಮೇಷ್ಟರು ಮೊದಲು ಹನ್ನೆರಡು ನೆಗೆಟಿವುಗಳನ್ನು ಅಂಗಡಿಯೊಂದಕ್ಕೆ ಕೊಟ್ಟು ನೋಡಿದರು. ಒಂದು ವಾರದ ಮೇಲೆ ಬಂದ ಚಿತ್ರಗಳು ಚಿಕ್ಕವು. ನಾಲ್ಕು ಅಂಚುಗಳೂ ಕತ್ತರಿಸಿದ್ದುವು. ಎರಡು ನೆಗೆಟಿವುಗಳ ಮೇಲೆ ಹಿಂದೆ ಇಲ್ಲದಿದ್ದ ಗೀರುಗಳು ಬಿದ್ದಿದ್ದುವು. ಅಂಗಡಿಯವನು ಕೆಟ್ಟವನಲ್ಲ, ಅವನಿಗೆ ಬಿಡುವಿಲ್ಲ. ಅನ್ಯರ ಮನೆಯ ಹಿರಿಯರಿಗೆ ಅವನು ಎಷ್ಟು ಹೊತ್ತನ್ನು ತಾನೇ ಕೊಟ್ಟಾನು? ಇದನ್ನು ತಿಳಿದು ಮೇಷ್ಟರು, ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗಳ ಸಹಾಯದಿಂದ, ಫಿಲ್ಮನ್ನು ಓದಬಲ್ಲ ಸ್ಕ್ಯಾನರೊಂದನ್ನು ಅರ್ಧ ಬೆಲೆಗೆ ಕೊಂಡರು. ಕಾಗದವನ್ನು ಮಾತ್ರ ಓದುವ ಸ್ಕ್ಯಾನರು ಈ ಕೆಲಸಕ್ಕೆ ಬಾರದು. ಕಾಗದಕ್ಕೆ ಬೆಳಕು ಕೆಳಗಿನಿಂದ ಬಿದ್ದು ಹಿಂದಿರುಗಬೇಕು. ಫಿಲ್ಮಿಗೆ ಬೆಳಕು ಮೇಲಿನಿಂದ ಬಿದ್ದು ಹಾದುಹೋಗಬೇಕು. ಆದುದರಿಂದ ಮುಚ್ಚಳದಲ್ಲಿಯೂ ದೀಪವುಳ್ಳ ಯಂತ್ರವೇ ಬೇಕು.

ಆದರೆ ಕೆಲಸ ಕೂಡಲೇ ಮೊದಲಾಗಲಿಲ್ಲ. ಮಲೆನಾಡಿನ ಎಪ್ಪತ್ತು ಮಳೆಗಾಲಗಳು ಆ ಡಬ್ಬಿಯ ಮೇಲೆ ಹಾದುಹೋಗಿದ್ದುವು. ಫಿಲ್ಮಿನ ಮೇಲೆ ಚಿತ್ರವನ್ನು ಹಿಡಿದಿರುವ ಪದರ ಜೆಲಟಿನ್. ಅದು ದನದ ಮೂಳೆ ತೊಗಲುಗಳಿಂದ ತೆಗೆದ ಒಂದು ಬಗೆಯ ಅಂಟು. ತೇವ ತಾಕಿದರೆ ಬೂಷ್ಟಿಗೆ ಅದು ಊಟ. ಕೆಲವು ನೆಗೆಟಿವುಗಳ ಮೇಲೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿತ್ತು. ಒದ್ದೆ ಬಟ್ಟೆಯಿಂದ ಒರೆಸೋಣವೇ ಎಂದು ಮನೆಯವರು ಕೇಳಿದರು. ಹಾಗೆ ಮಾಡಿದ್ದರೆ ಸರ್ವನಾಶವಾಗುತ್ತಿತ್ತು. ಬೂಷ್ಟು ತಿಂದ ಜೆಲಟಿನ್ ನೀರಿನಲ್ಲಿ ಕರಗಿ ಚಿತ್ರವನ್ನೂ ಕೊಂಡೊಯ್ಯಬಲ್ಲುದು. ಮತ್ತೆ ಕೆಲವು ಲಕೋಟೆಗಳನ್ನು ಬಿಚ್ಚಿದಾಗ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಅಸಿಟೇಟ್ ಎಂಬ ವಸ್ತುವಿನಿಂದ ಮಾಡಿದ ಫಿಲ್ಮು ಸೆಕೆಗೂ ತೇವಕ್ಕೂ ಸಿಕ್ಕಿ ಒಡೆಯುತ್ತ ಬಂದಾಗ ವಿನೆಗರಿನ ಆಮ್ಲವನ್ನೇ ಹೊರಬಿಡುತ್ತದೆ. ಆ ಆಮ್ಲ ಮತ್ತಷ್ಟು ಒಡಕಿಗೆ ಕಾರಣವಾಗುತ್ತದೆ. ಈ ರೋಗಕ್ಕೆ ಮದ್ದಿಲ್ಲ. ಒಣಗಿದ ತಂಪು ಜಾಗದಲ್ಲಿಟ್ಟು ಅದರ ನಡಿಗೆಯನ್ನು ನಿಧಾನಮಾಡಬಹುದು, ಅಷ್ಟೆ. ಹಾಗೆ ವಾಸನೆ ಬರುವವನ್ನು ಬೇರೆ ಇಟ್ಟು, ಅವುಗಳ ಸರದಿಯನ್ನೇ ಮೊದಲು ಮಾಡಬೇಕೆಂದು ಮೇಷ್ಟರು ನಿಶ್ಚಯಿಸಿದರು. 2023ರ ಸಂಕ್ರಾಂತಿ ಕಳೆದು ಗಾಳಿ ಒಣಗಿದ ಮೇಲೆ, ಕೈಗೆ ಹತ್ತಿಯ ಗವಸು ಹಾಕಿಕೊಂಡು, ರಬ್ಬರಿನ ಬುಡ್ಡಿಯಿಂದ ಗಾಳಿ ಊದಿ, ಮೃದುವಾದ ಕುಂಚದಿಂದ ಧೂಳು ತೆಗೆದು ಕೆಲಸಕ್ಕೆ ಕೈಯಿಟ್ಟರು.

ಮೊದಲ ದಿನದ ಫಲ ಶುದ್ಧ ಕತ್ತಲೆ. ಮುಚ್ಚಳದ ಒಳಗೆ ಕಾಗದಕ್ಕಾಗಿ ಇಟ್ಟಿರುವ ಬಿಳಿಯ ಹಲಗೆಯನ್ನು ತೆಗೆಯದೆ ಇದ್ದುದರಿಂದ ದೀಪದ ಬೆಳಕೇ ಕೆಳಗಿಳಿದಿರಲಿಲ್ಲ. ಎರಡನೆಯ ದಿನ ಚಿತ್ರದ ಉದ್ದಕ್ಕೂ ಗೆರೆಗಳು ಬಿದ್ದುವು. ಫಿಲ್ಮನ್ನು ಹಿಡಿಯುವ ಚೌಕಟ್ಟಿನ ತಲೆಯಲ್ಲಿ ಒಂದು ಕಿಂಡಿಯುಂಟು. ಯಂತ್ರ ಕೆಲಸಕ್ಕೆ ಮುಂಚೆ ಆ ಕಿಂಡಿಯ ಬೆಳಕನ್ನು ಅಳೆದು ತನ್ನ ಕಣ್ಣನ್ನು ಸರಿಮಾಡಿಕೊಳ್ಳುತ್ತದೆ. ಅಲ್ಲಿ ಒಂದು ಎಳೆ ಧೂಳು ಬಿದ್ದರೂ ಅಳತೆ ಕೆಡುತ್ತದೆ. ಮೂರನೆಯ ದಿನ ಚಿತ್ರ ಬಂದಿತು, ಆದರೆ ಮಬ್ಬು. ಈ ಯಂತ್ರದ ದೃಷ್ಟಿ ಒಂದು ನಿಯತವಾದ ಎತ್ತರಕ್ಕೆ ಕಟ್ಟುಬಿದ್ದಿದೆ. ಮುದುಡಿದ ಫಿಲ್ಮು ನಡುವೆ ಉಬ್ಬಿದರೆ ಆ ಭಾಗ ದೃಷ್ಟಿಯಿಂದ ತಪ್ಪಿಹೋಗುತ್ತದೆ. ಚೌಕಟ್ಟಿನ ಕಾಲುಗಳನ್ನು ಕೂದಲೆಳೆಯಷ್ಟು ಎತ್ತಿ ಇಳಿಸಿ, ಒಂದೇ ನೆಗೆಟಿವನ್ನು ಐದಾರು ಸಲ ಓದಿಸಿ, ಯಾವ ಎತ್ತರದಲ್ಲಿ ಅಜ್ಜನ ಗಡ್ಡದ ಕೂದಲು ಬಿಡಿಬಿಡಿಯಾಗಿ ಕಾಣುವುದೋ ಅದನ್ನೇ ಆರಿಸಿಕೊಂಡರು. ಫಿಲ್ಮನ್ನು ಚಪ್ಪಟೆಯಾಗಿ ಕೂರಿಸಲು ಗಾಜಿನ ತುಂಡನ್ನು ಹೇರಿದರೆ ಇನ್ನೊಂದು ಪೀಡೆ: ಫಿಲ್ಮಿನ ನುಣುಪು ಮೈ ಗಾಜನ್ನು ಮುಟ್ಟಿದಲ್ಲಿ ನೀರಿನ ಮೇಲಿನ ಎಣ್ಣೆಯಂತೆ ಬಳೆಬಳೆಯಾದ ಗುರುತುಗಳು ಮೂಡುತ್ತವೆ. ಅವಕ್ಕೆ ನ್ಯೂಟನ್ನನ ಉಂಗುರಗಳೆಂದು ಹೆಸರು. ಮೇಷ್ಟರು ಇವನ್ನು ಭೌತಶಾಸ್ತ್ರದ ಪುಸ್ತಕದಲ್ಲಿ ಓದಿದ್ದರು. ತಮ್ಮ ಅಜ್ಜನ ಹಣೆಯ ಮೇಲೆ ಕಂಡುದು ಇದೇ ಮೊದಲು.

ಉಂಗುರಗಳನ್ನು ತಪ್ಪಿಸಲು ಫಿಲ್ಮನ್ನು ಮಗುಚಿ, ಮಾಸಲು ಮೈ ಗಾಜಿನ ಕಡೆಗೆ ಬರುವಂತೆ ಇಟ್ಟರು. ಉಂಗುರಗಳು ಹೋದುವು. ಆದರೆ ಹೊಸ ಚಿತ್ರವನ್ನು ನೋಡಿ ಮೇಷ್ಟರ ಎದೆ ಧಸಕ್ಕೆಂದಿತು. ಉಪನಯನದ ಚಪ್ಪರದಲ್ಲಿ ಸಾಲಾಗಿ ಕುಳಿತ ಹಿರಿಯರೆಲ್ಲರ ಜನಿವಾರವೂ ಬಲದ ಹೆಗಲ ಮೇಲಿತ್ತು. ಮಂಗಳಕಾರ್ಯದಲ್ಲಿ ಊರಿಗೆ ಊರೇ ಪಿತೃಕಾರ್ಯಕ್ಕೆ ಕುಳಿತಂತೆ ಕಾಣುತ್ತಿತ್ತು. ಮೊಮ್ಮಗಳು ನಕ್ಕು, “ಅಜ್ಜಾ, ಫಿಲ್ಮು ಮಗುಚಿದರೆ ಎಡಬಲವೂ ಮಗುಚುತ್ತದಲ್ಲ” ಎಂದು ಒಂದು ಗುಂಡಿಯನ್ನು ಒತ್ತಿ ಎಲ್ಲರಿಗೂ ಸವ್ಯ ಮಾಡಿಸಿದಳು.

ಇನ್ನು ಅಂಕಿಗಳ ಮೋಹ. ಯಂತ್ರದ ಪೆಟ್ಟಿಗೆಯ ಮೇಲೆ ಅಂಗುಲಕ್ಕೆ 6400 ಚುಕ್ಕೆಗಳೆಂದು ಅಚ್ಚುಹಾಕಿತ್ತು. ಗಣಿತದವರು ಅಂಕಿಯನ್ನು ನಂಬದೆ ಮತ್ತಾರು ನಂಬಬೇಕು? ಮೇಷ್ಟರು ಒಂದು ನೆಗೆಟಿವನ್ನು 6400ರಲ್ಲಿ ಓದಿಸಿದರು. ಲೆಕ್ಕದ ಪ್ರಕಾರ ಸುಮಾರು 20 ಕೋಟಿ ಚುಕ್ಕೆಗಳಾದುವು. ಕಂಪ್ಯೂಟರು ಏದುಸಿರು ಬಿಟ್ಟಿತು. ಅದೇ ನೆಗೆಟಿವನ್ನು 2400ರಲ್ಲಿ ಓದಿಸಿದಾಗ 2 ಕೋಟಿ 80 ಲಕ್ಷ. ಎರಡನ್ನೂ ಸಮವಾಗಿ ಹಿಗ್ಗಿಸಿ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮೊದಲನೆಯದರಲ್ಲಿ ಹೆಚ್ಚಿನ ವಿವರ ಒಂದಿಷ್ಟೂ ಇರಲಿಲ್ಲ. ಇದ್ದ ವಿವರವೇ ಹೆಚ್ಚು ಚುಕ್ಕೆಗಳಲ್ಲಿ ಹರಡಿತ್ತು. ಹಾಲಿಗೆ ನೀರು ಬೆರಸಿದರೆ ಸೇರು ಹೆಚ್ಚುವುದೇ ಹೊರತು ಬೆಣ್ಣೆ ಹೆಚ್ಚುವುದಿಲ್ಲ. ಮನೆಬಳಕೆಯ ಚಪ್ಪಟೆ ಸ್ಕ್ಯಾನರುಗಳ ಮಸೂರಗಳು ನಿಜವಾಗಿ ಬಿಡಿಸಿ ತೋರಬಲ್ಲುದು ಆ ಎರಡು ಸಾವಿರದ ಆಸುಪಾಸಿನಲ್ಲಿಯೇ ಎಂದು ಪರೀಕ್ಷೆಮಾಡಿ ನೋಡಿದವರು ಹೇಳುತ್ತಾರೆ. 120ರ ಫಿಲ್ಮಿನ ಹಿರಿಮೆ ಇಲ್ಲಿದೆ: ಗದ್ದೆಯೇ ದೊಡ್ಡದಾದುದರಿಂದ ಅಷ್ಟರಲ್ಲಿಯೂ ಒಂದೂವರೆ ಅಡಿ ಅಗಲದ ಪಟಕ್ಕೆ ಸಾಕಾಗುವಷ್ಟು ಫಸಲು ದೊರೆಯುತ್ತದೆ.

ಯಂತ್ರಕ್ಕೆ ಧೂಳು ನಿವಾರಿಸುವ ಒಂದು ವಿದ್ಯೆಯೂ ಗೊತ್ತಿತ್ತು. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಫಿಲ್ಮಿನ ಮೂಲಕ ಹಾಯಿಸಿದರೆ, ಬಣ್ಣದ ಫಿಲ್ಮಿನಲ್ಲಿ ವರ್ಣದ್ರವ್ಯಗಳು ಅದನ್ನು ತಡೆಯುವುದಿಲ್ಲ, ಧೂಳು ತಡೆಯುತ್ತದೆ. ಹಾಗೆ ಧೂಳಿರುವ ತಾಣವನ್ನು ಗುರುತಿಸಿ ಯಂತ್ರ ತಾನೇ ಮುಚ್ಚಿಬಿಡುತ್ತದೆ. ಮೇಷ್ಟರು ಇದನ್ನು ಕಪ್ಪುಬಿಳುಪಿನ ನೆಗೆಟಿವಿನ ಮೇಲೆ ಪ್ರಯೋಗಿಸಿದಾಗ ಮುಖಗಳೆಲ್ಲ ಮೇಣ ಸವರಿದಂತಾದುವು. ಕಪ್ಪುಬಿಳುಪಿನ ಚಿತ್ರ ಬೆಳ್ಳಿಯ ಕಣಗಳಿಂದ ಆದದ್ದು. ಬೆಳ್ಳಿ ಅವಕೆಂಪನ್ನೂ ತಡೆಯುತ್ತದೆ. ಆದುದರಿಂದ ಯಂತ್ರ ಬೆಳ್ಳಿಯನ್ನೇ ಧೂಳೆಂದು ತಿಳಿಯಿತು. ಆ ಸೌಕರ್ಯವನ್ನು ಮುಚ್ಚಿ, ಒಂದೊಂದು ಚುಕ್ಕೆಯನ್ನೂ ಕಂಪ್ಯೂಟರಿನಲ್ಲಿ ಕೈಯಿಂದಲೇ ತೆಗೆಯಬೇಕಾಯಿತು. ಮೊಮ್ಮಗಳು ಸಂಜೆ ಎರಡು ಗಂಟೆ ಈ ಕಳೆಕೀಳುವ ಕೆಲಸಕ್ಕೆ ಕೂಡುತ್ತಿದ್ದಳು.

ಹೀಗೆ ಮೂರು ತಿಂಗಳು ಕಳೆದುವು. ನೆಗೆಟಿವುಗಳಲ್ಲಿ ಮುಕ್ಕಾಲು ಪಾಲು ಮುಗಿದರೂ ಅತ್ತೆಯ ಸುಳಿವಿಲ್ಲ. ಆಮೇಲೆ 1952 ಎಂದು ಬರೆದ ಲಕೋಟೆ ಕೈಗೆ ಬಂದಿತು. ಅದು ಮೇಷ್ಟರ ಹಿರಿಯ ಅಕ್ಕನ ಮದುವೆಯ ಸುರುಳಿ. ಅದರ ಒಂದು ಚಿತ್ರ ಮನೆಯವರಿಗೆಲ್ಲ ಬಾಯಿಪಾಠವಾದಂಥದು: ಅಂಗಳದಲ್ಲಿ ಕುರ್ಚಿಗಳ ಮೇಲೆ ವಧೂವರರು, ಸುತ್ತ ಬಂಧುಗಳು, ಹಿಂದೆ ಜಗಲಿಯ ಕಂಬಗಳು. ಎಪ್ಪತ್ತು ವರ್ಷದಿಂದ ಅದು ಗೋಡೆಯ ಮೇಲಿತ್ತು. ಆದರೆ ಗೋಡೆಯ ಪಟ ನೀಳವಾದದ್ದು, ನೆಗೆಟಿವು ಚೌಕವಾದದ್ದು. ಚೌಕವನ್ನು ನೀಳ ಕಾಗದಕ್ಕೆ ಇಳಿಸುವಾಗ ಸ್ಟುಡಿಯೋದವರು ಬಲಗಡೆಯ ಒಂದು ಪಟ್ಟೆಯನ್ನು ಕತ್ತರಿಸಿದ್ದರು. ಲಕೋಟೆಯ ಮೇಲೆ ತಂದೆಯ ಕೈಯಲ್ಲಿ ಫಿಲ್ಮಿನ ಹೆಸರು, “ವೆರಿಕ್ರೋಮ್” ಎಂದು, ಅದರ ಕೆಳಗೆ ಸ್ಟುಡಿಯೋದವರಿಗೆ ಎರಡೇ ಮಾತು: “ಬಲಗಡೆ ಬಿಡಿ.”

ಮೇಷ್ಟರು ಅದನ್ನು ಓದಿ ಮುಂದೆ ಸಾಗಿದರು. ಅದರಲ್ಲಿ ಆಗ ಏನೂ ವಿಶೇಷ ಕಾಣಲಿಲ್ಲ. ಯಂತ್ರ ತನ್ನ ವಾಡಿಕೆಯಂತೆ ಚಿತ್ರದ ಎಲ್ಲೆಯನ್ನು ತಾನೇ ಗೊತ್ತುಮಾಡಿ, ಬೆಳಕನ್ನು ತಾನೇ ತೂಗಿ, ಒಪ್ಪವಾದ ಪಟವನ್ನು ಕೊಟ್ಟಿತು. ವಧುವಿನ ಮುಖ ಸೊಗಸಾಗಿ ಮೂಡಿತ್ತು. ಬಲಗಡೆ, ಗೋಡೆಯ ಪಟದಲ್ಲಿ ಇಲ್ಲದ ಬಾಗಿಲಿನ ಅರ್ಧ ಕಾಣುತ್ತಿತ್ತು. ಬಾಗಿಲಿನ ಒಳಗೆ ಅಚ್ಚಗಪ್ಪು. ಕೆಲಸ ಮುಗಿಯಿತೆಂದು ನೆಗೆಟಿವನ್ನು ಲಕೋಟೆಗೆ ಹಾಕಹೊರಟ ಮೇಷ್ಟರು, ಬೂಷ್ಟು ಇದೆಯೇ ಎಂದು ನೋಡಲು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ಇಣಿಕಿದರು. ಬಾಗಿಲು ಇದ್ದ ಕಡೆ ಫಿಲ್ಮು ಬಹುಮಟ್ಟಿಗೆ ತಿಳಿಯಾಗಿತ್ತು. ಆ ತಿಳಿಯಲ್ಲಿ, ಅಂಚಿಗೆ ತೀರ ಹತ್ತಿರದಲ್ಲಿ, ಉಸಿರು ಬಿಟ್ಟ ಕನ್ನಡಿಯ ಮಬ್ಬಿನಂತೆ ಎರಡು ಕಲೆಗಳು. ಒಂದು ಮೇಲೆ, ಒಂದು ಸ್ವಲ್ಪ ಕೆಳಗೆ.

ನೆಗೆಟಿವಿನಲ್ಲಿ ತಿಳಿಯಾದದ್ದೇ ಪಟದಲ್ಲಿ ನೆರಳು. ನೆರಳಿನಲ್ಲಿ ನಿಂತ ವಸ್ತು ಫಿಲ್ಮಿನ ಮೇಲೆ ಬಿಡುವ ಗುರುತು ಅತಿ ತೆಳುವಾದದ್ದು. ಯಂತ್ರವನ್ನು ಅದರ ಇಷ್ಟಕ್ಕೆ ಬಿಟ್ಟರೆ ಅದು ಮುಖ್ಯ ಮುಖಗಳು ಅಂದವಾಗಿ ಬರುವಂತೆ ಬೆಳಕಿನ ಎರಡು ಕೊನೆಗಳನ್ನೂ ಕತ್ತರಿಸಿಬಿಡುತ್ತದೆ. ತೆಳುವಾದ ಗುರುತುಗಳೆಲ್ಲ ಒಂದೇ ಕಪ್ಪಿನಲ್ಲಿ ಮುಳುಗುತ್ತವೆ. ಎಲ್ಲೆಯನ್ನು ಗೊತ್ತುಮಾಡುವಾಗಲೂ ಅಂಚಿನ ಒಂದೆರಡು ಮಿಲಿಮೀಟರುಗಳನ್ನು ನುಂಗುತ್ತದೆ. ಈ ಮಾತು ಬಲ್ಲವರು ಯಂತ್ರದ ತೀರ್ಪನ್ನು ಒಪ್ಪುವುದಿಲ್ಲ. ನೆಗೆಟಿವನ್ನು ನೆಗೆಟಿವಾಗಿಯೇ, ಅಂಚಿನ ಬರಿಯ ಫಿಲ್ಮೂ ಸೇರುವಂತೆ, ಬೆಳಕಿನ ಯಾವ ಕೊನೆಯೂ ಕಡಿಯದಂತೆ ಓದಿಸುತ್ತಾರೆ. 256 ಛಾಯೆಗಳ ಬದಲಾಗಿ 65,536 ಛಾಯೆಗಳನ್ನು ಬರೆಯುವ 16 ಬಿಟ್ಟಿನ ಕ್ರಮದಲ್ಲಿ, ಒತ್ತದೆ ಕುಗ್ಗಿಸದೆ ಶೇಖರಿಸುತ್ತಾರೆ. ಹಾಗೆ ಬಂದ ಚಿತ್ರ ನೋಟಕ್ಕೆ ಸಪ್ಪೆ; ಹಿಟ್ಟು ಕದಡಿದ ನೀರಿನಂತೆ ಕಾಣುತ್ತದೆ. ಆದರೆ ಫಿಲ್ಮಿನಲ್ಲಿ ಇದ್ದುದು ಎಲ್ಲವೂ ಅದರಲ್ಲಿ ಇರುತ್ತದೆ. ಕರಿದನ್ನು ಬಿಳಿದು ಮಾಡುವುದು, ಕತ್ತರಿಸುವುದು, ಅಂದಮಾಡುವುದು ಎಲ್ಲವೂ ಆಮೇಲಿನ ಕೆಲಸ.

ಮೇಷ್ಟರು ಹಾಗೆಯೇ ಮಾಡಿದರು. ಮೊಮ್ಮಗಳು ಬಾಗಿಲಿನ ಭಾಗವನ್ನು ಹಿಗ್ಗಿಸಿ, ನೆರಳಿನ ಛಾಯೆಗಳನ್ನು ಮೆಲ್ಲಮೆಲ್ಲನೆ ಮೇಲೆತ್ತಿದಳು. ಮೊದಲು ಬಾಗಿಲವಾಡದ ಕೆತ್ತನೆ ಬಂದಿತು. ಅದರ ಮೇಲೆ ಒಂದು ಕೈ ಬಂದಿತು. ಕೈಯ ಮೇಲುಗಡೆ, ಸೆರಗಿನ ಅಂಚಿಲ್ಲದೆ, ಮೈಯಿಲ್ಲದೆ, ಬರಿಯ ಕತ್ತಲೆಯಲ್ಲಿ ತೂಗಿದಂತೆ ಒಂದು ಮುಖ. ವೆರಿಕ್ರೋಮು 1931ರಲ್ಲಿ ಬಂದ ಫಿಲ್ಮು. ಕೆಂಪನ್ನೂ ಗ್ರಹಿಸುವ ಹೊಸ ವೆರಿಕ್ರೋಮು ಬಂದುದು 1956ರಲ್ಲಿ. ಅದಕ್ಕೆ ಹಿಂದಿನದಕ್ಕೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಆದುದರಿಂದ ಕೆಂಪು ಸೀರೆ ಕತ್ತಲೆಯೊಡನೆ ಒಂದಾಗಿ, ಮುಖವೂ ಕೈಯೂ ಮಾತ್ರ ಉಳಿದುಬಂದಿದ್ದುವು. ಚೆನ್ನಾಗಿ ಕಾಣುತ್ತಿತ್ತೆಂದು ಹೇಳುವಂತಿಲ್ಲ. ಫಿಲ್ಮಿನ ಕಣಗಳು ರಾಗಿಯ ಹಿಟ್ಟಿನಂತೆ ಹರಡಿದ್ದುವು. ಆದರೂ ತುಸು ಬಾಗಿದ ತಲೆ, ಅಗಲವಾದ ಹಣೆ, ವಧುವಿನ ಕಡೆಗೆ ನೆಟ್ಟ ನೋಟ ಇವಿಷ್ಟು ಸ್ಪಷ್ಟವಾಗಿದ್ದುವು. ಮೇಷ್ಟರು ಬಹಳ ಹೊತ್ತು ಏನೂ ಆಡಲಿಲ್ಲ. ಆಮೇಲೆ, “ಹೌದು. ಹೀಗೆಯೇ ಇದ್ದದ್ದು” ಎಂದರು.

ಆ ಕ್ಷಣದಲ್ಲಿ ಲಕೋಟೆಯ ಎರಡು ಮಾತುಗಳು ನೆನಪಿಗೆ ಬಂದುವು. “ಬಲಗಡೆ ಬಿಡಿ.” ಬಲಗಡೆಯದನ್ನು ತೆಗೆದುಬಿಡಿ ಎಂದು ಅದರ ಅರ್ಥವಾಗಬಹುದು. ಬಲಗಡೆಯದು ಹಾಗೆಯೇ ಇರಲಿ, ಅಲ್ಲಿ ಜಾಗ ಬಿಡಿ ಎಂದೂ ಅರ್ಥವಾಗಬಹುದು; ಬರೆಯುವಾಗ ಅಂಚು ಬಿಡಿ ಎಂದು ಮಕ್ಕಳಿಗೆ ಹೇಳುವುದಿಲ್ಲವೆ? ಮಗ್ಗಿಯಂತೆ ಒಂದೇ ಉತ್ತರಕ್ಕೆ ಒಗ್ಗಿಹೋಗಿದ್ದ ಮೇಷ್ಟರಿಗೆ ಇದು ಬಿಡಿಸಲಾಗದ ಲೆಕ್ಕವಾಯಿತು. ಎರಡು ಕಣ್ಣಿನ ಕ್ಯಾಮರಾದಲ್ಲಿ ಚಿತ್ರ ತೆಗೆಯುವವನು ಮೇಲಿನಿಂದ ಬಗ್ಗಿ ನೋಡಿದರೆ ಇಡೀ ಚೌಕ ಮಸಕು ಗಾಜಿನ ಮೇಲೆ ಕಾಣುತ್ತದೆ, ಎಡಬಲ ಮಾತ್ರ ಅದಲುಬದಲು. ಎಂದಮೇಲೆ ಗಾಜಿನ ಎಡ ಅಂಚಿನಲ್ಲಿ ಬಾಗಿಲು ತಂದೆಗೆ ಕಂಡೇ ಕಂಡಿರಬೇಕು. ಒಂದು ಹೆಜ್ಜೆ ಸರಿದಿದ್ದರೆ ಬಾಗಿಲು ಚೌಕದ ಹೊರಗಾಗುತ್ತಿತ್ತು, ಅವರು ಸರಿಯಲಿಲ್ಲ. ಆದರೆ ಒಳಗಿನ ಕತ್ತಲೆಯಲ್ಲಿ ಅಕ್ಕ ನಿಂತುದು ಅವರಿಗೆ ಕಂಡಿತ್ತೆ? ಕಂಡು ಸುಮ್ಮನಿದ್ದರೆ? ಕಟ್ಟಲೆಗೆ ಅಂಜಿ, ಗುಟ್ಟಾಗಿ ನೆಗೆಟಿವಿನಲ್ಲಿ ಮಾತ್ರ ಇರಿಸಿಕೊಂಡರೆ? ಉತ್ತರ ಕೊಡಬಲ್ಲವರು ಯಾರೂ ಉಳಿದಿರಲಿಲ್ಲ.

ಒಬ್ಬರು ಉಳಿದಿದ್ದರು, ಆ ಚಿತ್ರದ ವಧು. ಹೊಸನಗರದ ಕಡೆ ಮಗನ ಮನೆಯಲ್ಲಿದ್ದ ಅಕ್ಕನಿಗೆ ಆಗ ಎಂಬತ್ತೇಳು ವಯಸ್ಸು. ಮೇಷ್ಟರು ಎರಡು ಪಟಗಳನ್ನು ಮಾಡಿಸಿಕೊಂಡು ಹೋದರು. ಒಂದು ಗೋಡೆಯ ಪಟದಂತೆ ಬಲಗಡೆ ಕತ್ತರಿಸಿದ್ದು, ಒಂದು ಪೂರಾ ಚೌಕದ್ದು. ಅಕ್ಕ ಚೌಕದ ಪಟವನ್ನು ಕಿಟಕಿಯ ಬಳಿಗೆ ಒಯ್ದು, ಕನ್ನಡಕವನ್ನು ಒರೆಸಿಕೊಂಡು ನೋಡಿದರು. “ಅತ್ತೆ ಬಾಗಿಲಲ್ಲಿ ನಿಂತದ್ದು ನನಗೆ ಗೊತ್ತಿತ್ತು, ತಮ್ಮಾ” ಎಂದರು. “ಪಟ ಬಂದಾಗ ಎಲ್ಲರೂ ಅವರವರ ಮುಖವನ್ನೇ ನೋಡಿಕೊಂಡರು. ನಾನೂ ನನ್ನ ಮುಖವನ್ನೇ ನೋಡಿಕೊಂಡೆ. ಅತ್ತೆ ಯಾಕೆ ಇಲ್ಲ ಎಂದು ಅಪ್ಪಯ್ಯನನ್ನು ಒಂದು ಮಾತು ಕೇಳಲಿಲ್ಲ.”

ಮೇಷ್ಟರು ಲಕೋಟೆಯನ್ನು ತೋರಿಸಿದರು. “ಅಕ್ಕಯ್ಯಾ, ಬಿಡಿ ಎಂದರೆ ತೆಗೆದುಬಿಡಿ ಎಂದೋ, ಇರಲಿ ಬಿಡಿ ಎಂದೋ?”

“ನೀನು ಮೇಷ್ಟರು. ನೀನೇ ಹೇಳು” ಎಂದರು ಅಕ್ಕ.

ಅಕ್ಕನ ಮಗನಿಗೆ ಇದು ಅಷ್ಟಾಗಿ ರುಚಿಸಲಿಲ್ಲ. ಮದುವೆಯ ಪಟ ಹಳೆಯದು ಹೇಗಿತ್ತೋ ಹಾಗೆಯೇ ಇದ್ದರೆ ಚೆನ್ನು, ಹಿರಿಯರು ಏನೋ ಯೋಚಿಸಿಯೇ ಮಾಡಿದ್ದಾರೆ ಎಂಬುದು ಅವರ ಮಾತು. ಅದು ತೀರ ತಳ್ಳಿಹಾಕುವ ಮಾತೂ ಅಲ್ಲ. ಪಟವೆಂಬುದು ತೆಗೆದ ಕ್ಷಣದ ಗುರುತಾಗಿರುವಂತೆ ಅದನ್ನು ಆರಿಸಿಕೊಂಡ ಕಾಲದ ಗುರುತೂ ಆಗಿರುತ್ತದೆ. ಆದುದರಿಂದ ಹಳೆಯ ಪಟವನ್ನು ಇಳಿಸಬೇಕೆಂದು ಮೇಷ್ಟರು ವಾದಿಸಲಿಲ್ಲ. ತೀರ್ಮಾನ ಮಾಡಿದವರು ಅಕ್ಕನೇ. “ನನ್ನ ಮದುವೆಯ ಪಟ. ನನ್ನ ಕೋಣೆಯಲ್ಲಿ ಪೂರಾದದ್ದು ಇರಲಿ” ಎಂದರು. ಚೌಕದ ಪಟಕ್ಕೆ ಹಳೆಯ ಕಟ್ಟು ಒಗ್ಗದೆ ಹೊಸ ಕಟ್ಟು ಹಾಕಿಸಬೇಕಾಯಿತು.

ಹಳೆಯ ನೆಗೆಟಿವುಗಳನ್ನು ಓದಿಸಹೊರಡುವ ಗೃಹಸ್ಥರಿಗೆ ಈ ಸಂಗತಿಯಿಂದ ತಿಳಿಯಬೇಕಾದುದು ಬಹಳವಿಲ್ಲ. ಮೊದಲು ಎಲ್ಲವನ್ನೂ ತೆಗೆದುಕೊಳ್ಳಬೇಕು, ಆರಿಸುವುದು ಆಮೇಲೆ. ಯಾವುದು ಮುಖ್ಯ, ಯಾವುದು ಅಂಚು ಎಂದು ಮುಂಚಿತವಾಗಿ ತೀರ್ಮಾನಿಸುವ ಅಧಿಕಾರವನ್ನು ಯಂತ್ರಕ್ಕೂ ಕೊಡಬಾರದು, ವಾಡಿಕೆಗೂ ಕೊಡಬಾರದು. ಎರಡೂ ತಮಗೆ ಪರಿಚಯವಾದ ಮುಖಗಳನ್ನೇ ಬೆಳಕಿಗೆ ತಂದು ಮಿಕ್ಕುದನ್ನು ಕಪ್ಪುಮಾಡುತ್ತವೆ. ಓದಿಸಿದ ಮೇಲೆ ನೆಗೆಟಿವನ್ನು ಎಸೆಯುವುದೂ ಅವಿವೇಕ. ಮೂಲ ಅದೇ, ಕಂಪ್ಯೂಟರಿನಲ್ಲಿರುವುದು ಒಂದು ಒಳ್ಳೆಯ ನಕಲು. ಮೇಷ್ಟರು ಆ ನಕಲನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿಟ್ಟು, ಮೂರನೆಯ ಪ್ರತಿಯನ್ನು ಅಕ್ಕನ ಮನೆಯಲ್ಲಿ ಇರಿಸಿದ್ದಾರೆ. ನೆಗೆಟಿವುಗಳು ಆಮ್ಲವಿಲ್ಲದ ಕಾಗದದ ಹೊಸ ಲಕೋಟೆಗಳಲ್ಲಿ, ತೇವ ಹೀರುವ ಹರಳುಗಳ ಜೊತೆಗೆ, ಪತ್ರಗಳ ಕಬ್ಬಿಣದ ಪೆಟ್ಟಿಗೆಗೇ ಬಂದು ಸೇರಿವೆ.

1952ರ ಹಳೆಯ ಲಕೋಟೆಯನ್ನು ಮಾತ್ರ ಅವರು ಎಸೆಯಲಿಲ್ಲ. ಹೊಸದರ ಪಕ್ಕದಲ್ಲಿಯೇ ಇಟ್ಟಿದ್ದಾರೆ. ಹೊಸದರ ಮೇಲೆ ಪೆನ್ಸಿಲಿನಿಂದ, ಎಡದಿಂದ ಬಲಕ್ಕೆ, ಚಿತ್ರದಲ್ಲಿರುವ ಹದಿನೇಳು ಜನರ ಹೆಸರುಗಳನ್ನು ಬರೆದಿದ್ದಾರೆ. ಕೊನೆಯ ಹೆಸರು ಅತ್ತೆಯದು. ಅದರ ಮುಂದೆ, ಬಾಗಿಲಿನಲ್ಲಿ ನಿಂತವರು, ಎಂದು ಬರೆದಿದೆ.